ರೋಮ್‌ಗೆ ಧಾನ್ಯ ಮುಟ್ಟಿಸಿದ ಊರು ಓಸ್ತಿಯಾ

ರೋಮ್ ನಗರದಿಂದ ನೈಋತ್ಯಕ್ಕೆ ಸುಮಾರು 25 ಕಿ.ಮೀ. ದೂರದಲ್ಲಿ, ಟೈಬರ್ ನದಿ ಸಮುದ್ರ ಸೇರುತ್ತಿದ್ದ ಅಳಿವೆಯಲ್ಲಿ ಬೆಳೆದ ಬಂದರು ಪಟ್ಟಣ ಓಸ್ತಿಯಾ. ಅದರ ಅವಶೇಷಗಳಿರುವ ತಾಣವನ್ನು ಈಗ ಓಸ್ತಿಯಾ ಆಂತಿಕಾ ಎನ್ನುತ್ತಾರೆ. ನದಿ ಎರಡು ಸಾವಿರ ವರ್ಷ ತಂದು ಸುರಿದ ಹೂಳಿನಿಂದ ಕರಾವಳಿ ಸುಮಾರು ಮೂರು ಕಿ.ಮೀ. ಮುಂದೆ ಸರಿದಿದೆ. 1557ರ ದೊಡ್ಡ ಪ್ರವಾಹದಲ್ಲಿ ನದಿಯೂ ತನ್ನ ಹಳೆಯ ತಿರುವನ್ನು ಬಿಟ್ಟು ಬೇರೆ ಪಾತ್ರ ಹಿಡಿಯಿತು. ಹೀಗಾಗಿ ಹಡಗುಗಳನ್ನು ನಂಬಿ ಬದುಕಿದ್ದ ಊರು ಇಂದು ಪೈನ್ ಮರಗಳ ಬಯಲಿನಲ್ಲಿದೆ. ಅಲ್ಲಿ ನಿಂತರೆ ಕಡಲು ಕಾಣುವುದಿಲ್ಲ.

ಇಟಲಿಗೆ ಹೋಗುವವರಲ್ಲಿ ಬಹುಪಾಲು ಜನ ಕೊಲೋಸಿಯಮ್ ನೋಡುತ್ತಾರೆ, ಸಮಯ ಮಿಕ್ಕರೆ ಪೊಂಪೇಯಿಯ ರೈಲು ಹತ್ತುತ್ತಾರೆ. ಪೊಂಪೇಯಿ ಸೊಗಸಾದ ತಾಣವೇ. ಆದರೆ ಅದು ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಒಮ್ಮೆಗೇ ನಿಂತುಹೋದ, ಅಂಗಳ–ತೋಟಗಳ ಒಂಟಿ ಮನೆಗಳೇ ಎದ್ದು ಕಾಣುವ ಪ್ರಾಂತೀಯ ಪಟ್ಟಣ. ರಾಜಧಾನಿಯಲ್ಲಿ ಹತ್ತು ಲಕ್ಷದಷ್ಟು ಜನ ಎಲ್ಲಿ ಮಲಗಿದರು, ಯಾರಿಗೆ ಬಾಡಿಗೆ ಕಟ್ಟಿದರು, ಅವರ ರೊಟ್ಟಿಗೆ ಗೋಧಿ ಎಲ್ಲಿಂದ ಬಂತು ಎಂಬ ಪ್ರಶ್ನೆಗಳಿಗೆ ಅಲ್ಲಿ ಹೆಚ್ಚಿನ ಉತ್ತರ ಸಿಗುವುದಿಲ್ಲ. ರೋಮ್‌ನಲ್ಲೂ ಸಿಗುವುದು ಕಷ್ಟ. ಆ ಮನೆಗಳ ಮೇಲೆ ಇಂದಿನ ನಗರ ಕೂತಿದೆ. ಓಸ್ತಿಯಾ ಮಾತ್ರ ಜನ ಬಿಟ್ಟುಹೋದ ಊರು. ಅದರ ಮೇಲೆ ಮತ್ತೊಂದು ಊರು ಏಳಲಿಲ್ಲ. ರೋಮ್‌ನ ದುಡಿಯುವ ಜನರ ಬದುಕು ನೋಡಬೇಕೆಂದರೆ ಬರಬೇಕಾದದ್ದು ಇಲ್ಲಿಗೆ.

ರೋಮ್‌ನ ನಾಲ್ಕನೆಯ ಅರಸ ಆಂಕಸ್ ಮಾರ್ಸಿಯಸ್ ಕ್ರಿ.ಪೂ. ಏಳನೇ ಶತಮಾನದಲ್ಲಿ ಓಸ್ತಿಯಾ ಕಟ್ಟಿಸಿದನೆಂಬುದು ಐತಿಹ್ಯ. ಅಗೆತದಲ್ಲಿ ಸಿಕ್ಕ ಅತಿ ಹಳೆಯ ಕಟ್ಟಡ ಅಷ್ಟು ಹಿಂದಿನದಲ್ಲ: ಕ್ರಿ.ಪೂ. ನಾಲ್ಕನೇ ಶತಮಾನದ, ದೊಡ್ಡ ಕಲ್ಲುಗಳ ಗೋಡೆಯ ಆಯತಾಕಾರದ ಒಂದು ಸೈನ್ಯದ ಠಾಣೆ. ಅಳಿವೆಯನ್ನೂ ಅಲ್ಲಿನ ಉಪ್ಪಿನ ಗದ್ದೆಗಳನ್ನೂ ಕಾಯುವುದು ಅದರ ಕೆಲಸ. ಠಾಣೆಯ ಸುತ್ತ ಊರು ಬೆಳೆಯಿತು. ಕ್ರಿ.ಪೂ. 68ರಲ್ಲಿ ಕಡಲ್ಗಳ್ಳರು ಇಲ್ಲಿಗೇ ನುಗ್ಗಿ ಹಡಗುಗಳಿಗೆ ಬೆಂಕಿ ಇಟ್ಟರು. ರಾಜಧಾನಿಯ ಹೊಸ್ತಿಲಲ್ಲೇ ನಡೆದ ಈ ಅವಮಾನದಿಂದ ಬೆಚ್ಚಿದ ರೋಮ್ ಮರುವರ್ಷ ಸೇನಾಪತಿ ಪಾಂಪಿಗೆ ಹಿಂದೆಂದೂ ಯಾರಿಗೂ ಕೊಡದಷ್ಟು ಅಧಿಕಾರ ಕೊಟ್ಟು ಕಡಲಿಗೆ ಕಳಿಸಿತು. ಒಬ್ಬೊಬ್ಬರ ಕೈಗೆ ಹೀಗೆ ಅಧಿಕಾರ ಸೇರಿ ಸಡಿಲಗೊಂಡ ರೋಮನ್ ಗಣರಾಜ್ಯದ ಅಂತ್ಯದ ಕಥೆಯಲ್ಲಿ ಈ ಸಣ್ಣ ಬಂದರಿಗೂ ಒಂದು ಪಾತ್ರ ಇದ್ದುದು ಹೀಗೆ.

ಬಂದರು ಎಂದರೂ ಅದು ಒಳ್ಳೆಯ ಬಂದರಾಗಿರಲಿಲ್ಲ. ಅಳಿವೆಗೆ ಅಡ್ಡಲಾಗಿ ಮರಳದಿಬ್ಬ ಕಟ್ಟಿಕೊಳ್ಳುತ್ತಿತ್ತು. ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕಿ, ಸರಕನ್ನು ಸಣ್ಣ ದೋಣಿಗಳಿಗೆ ಇಳಿಸಿ ಹಗುರಾಗಬೇಕಿತ್ತು. ಗಾಳಿ ಕೆಟ್ಟರೆ ಅದೂ ಇಲ್ಲ. ಅಲೆಕ್ಸಾಂಡ್ರಿಯಾದಿಂದ ಗೋಧಿ ತರುವ ಹಡಗುಗಳು ಈ ಗೋಜು ಬೇಡವೆಂದು ದೂರದ ನೇಪಲ್ಸ್ ಬಳಿಯ ಪುಟಿಯೋಲಿಗೆ ಹೋಗುತ್ತಿದ್ದವು. ಆದರೆ ರೋಮ್‌ಗೆ ಧಾನ್ಯ ಎಂಬುದು ರಾಜಕೀಯದ ಪ್ರಾಣ. ಮೊದಲ ಚಕ್ರವರ್ತಿ ಆಗಸ್ಟಸ್ ಕಾಲದಲ್ಲಿ ಸುಮಾರು ಎರಡು ಲಕ್ಷ ಮಂದಿ ಗಂಡಸರಿಗೆ ಉಚಿತ ಪಡಿ ಸಿಗುತ್ತಿತ್ತು. ಪಡಿ ತಪ್ಪಿದರೆ ಬೀದಿಯಲ್ಲಿ ಗಲಭೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕಡಲಯಾನ ಬಹುಮಟ್ಟಿಗೆ ನಿಲ್ಲುತ್ತಿದ್ದುದರಿಂದ ವರ್ಷದ ಉಣಿಸು ಬೇಸಿಗೆಯೊಳಗೇ ಬಂದು ಉಗ್ರಾಣ ಸೇರಬೇಕಿತ್ತು. ಇಂದಿನ ಟ್ಯುನೀಶಿಯಾ ಕಡೆಯ ಹಡಗುಗಳು ವಾರದೊಳಗೆ ಮುಟ್ಟಿದರೆ, ಈಜಿಪ್ಟಿನವು ಎದುರುಗಾಳಿಯಲ್ಲಿ ಒಂದೆರಡು ತಿಂಗಳು ಹೆಣಗುತ್ತಿದ್ದವು.

ಚಕ್ರವರ್ತಿ ಕ್ಲಾಡಿಯಸ್ ಕ್ರಿ.ಶ. 42ರಲ್ಲಿ ಓಸ್ತಿಯಾದ ಉತ್ತರಕ್ಕೆ ಕೆಲವೇ ಕಿ.ಮೀ. ದೂರದಲ್ಲಿ ಪೋರ್ಟಸ್ ಎಂಬ ಹೊಸ ಬಂದರಿನ ಕೆಲಸ ಶುರು ಮಾಡಿಸಿದ. ಕಡಲಿನೊಳಕ್ಕೆ ಚಾಚಿದ ಎರಡು ತಡೆಗೋಡೆಗಳು, ಅವುಗಳ ಬಾಯಲ್ಲಿ ದೀಪಸ್ತಂಭ. ಅದರ ಬುನಾದಿಗೆಂದು, ಈಜಿಪ್ಟಿನಿಂದ ಏಕಶಿಲಾ ಸ್ತಂಭವೊಂದನ್ನು ಹೊತ್ತು ತಂದಿದ್ದ ಭಾರೀ ಹಡಗನ್ನು ಅಲ್ಲೇ ಮುಳುಗಿಸಿದರು. ಆ ಹಡಗು ತಂದ ಸ್ತಂಭ ಇಂದು ವ್ಯಾಟಿಕನ್‌ನ ಸಂತ ಪೀಟರ್ ಚೌಕದ ನಡುವೆ ನಿಂತಿದೆ. ಇಷ್ಟಾದರೂ ಬಂದರು ಭದ್ರವಾಗಲಿಲ್ಲ. 62ರಲ್ಲಿ ಬಿರುಗಾಳಿಗೆ ಸಿಕ್ಕಿ ಸುಮಾರು ಇನ್ನೂರು ಹಡಗುಗಳು ಬಂದರಿನೊಳಗೇ ಹಾಳಾದವೆಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಕೊನೆಗೆ ಚಕ್ರವರ್ತಿ ಟ್ರಾಜನ್ ಎರಡನೇ ಶತಮಾನದ ಆರಂಭದಲ್ಲಿ ಅದರ ಒಳಮಗ್ಗುಲಿಗೆ ಷಟ್ಕೋನಾಕಾರದ ಕೊಳವೊಂದನ್ನು ತೋಡಿಸಿದ. ಒಂದೊಂದು ಬದಿ 350 ಮೀಟರಿಗೂ ಹೆಚ್ಚು ಉದ್ದ. ಅದು ಈಗಲೂ ನೀರು ತುಂಬಿಕೊಂಡು ಫ್ಯುಮಿಚಿನೋ ವಿಮಾನ ನಿಲ್ದಾಣದ ಪಕ್ಕದಲ್ಲೇ ಇದೆ. ರೋಮ್‌ಗೆ ಇಳಿಯುವ ವಿಮಾನದಲ್ಲಿ ಕಿಟಕಿ ಬದಿಯ ಸೀಟು ಸಿಕ್ಕಿದವರಿಗೆ ಅದನ್ನು ಮೇಲಿನಿಂದ ನೋಡುವ ಅವಕಾಶವೂ ಉಂಟು.

ಹೊಸ ಬಂದರು ಓಸ್ತಿಯಾವನ್ನು ಕೊಲ್ಲಲಿಲ್ಲ, ಬೆಳೆಸಿತು. ಗುಮಾಸ್ತರು, ಹಮಾಲರು, ಹಗ್ಗ ಹೊಸೆಯುವವರು, ಧಾನ್ಯ ಅಳೆಯುವವರು, ದೋಣಿಯವರು ವಾಸವಿದ್ದುದು ಇಲ್ಲೇ. ಎರಡನೇ ಶತಮಾನದ ಉಚ್ಛ್ರಾಯದಲ್ಲಿ ಜನಸಂಖ್ಯೆ 50 ಸಾವಿರದ ಆಸುಪಾಸಿನಲ್ಲಿತ್ತೆಂದು ಅಂದಾಜು. ಹಳೆಯ ತಗ್ಗು ಮನೆಗಳನ್ನು ಕೆಡವಿ, ನೆಲವನ್ನು ಸುಮಾರು ಒಂದು ಮೀಟರ್ ಎತ್ತರಿಸಿ, ಇಡೀ ಊರನ್ನು ಸುಟ್ಟ ಇಟ್ಟಿಗೆ ಹಾಗೂ ಗಾರೆಯಲ್ಲಿ ಮತ್ತೆ ಕಟ್ಟಿದರು. ಹಲವು ಇಟ್ಟಿಗೆಗಳ ಮೇಲೆ ತಯಾರಕರ ಮುದ್ರೆ ಇದೆ. ಕೆಲವದರಲ್ಲಿ ಆ ವರ್ಷದ ಕಾನ್ಸಲ್‌ಗಳೆಂಬ ಉನ್ನತಾಧಿಕಾರಿಗಳ ಹೆಸರೂ ಇರುವುದರಿಂದ ಯಾವ ಗೋಡೆ ಯಾವ ದಶಕದ್ದೆಂದು ಹೇಳಬಹುದು. ಕ್ರಿ.ಶ. 123ರ ಮುದ್ರೆಗಳಂತೂ ಹೇರಳ. ಹೇಡ್ರಿಯನ್ ಆಳ್ವಿಕೆಯ ಆ ಕಾಲದಲ್ಲಿ ಊರು ತುಂಬ ಕಟ್ಟಡದ ಕೆಲಸವೇ ನಡೆಯುತ್ತಿತ್ತು.

ತಾಣದ ಪ್ರವೇಶ ರೋಮ್ ಕಡೆಯಿಂದ. ಮೊದಲು ಎದುರಾಗುವುದು ಸಮಾಧಿಗಳ ಸಾಲು, ಏಕೆಂದರೆ ಊರೊಳಗೆ ಹೂಳುವುದನ್ನು ರೋಮನ್ ಕಾನೂನು ನಿಷೇಧಿಸಿತ್ತು. ಅದನ್ನು ದಾಟಿ ರೋಮ್ ಬಾಗಿಲು ಹೊಕ್ಕರೆ ಊರ ಹೆದ್ದಾರಿ ಡೆಕುಮಾನಸ್ ಶುರುವಾಗುತ್ತದೆ. ಕಪ್ಪು ಲಾವಾ ಕಲ್ಲಿನ ಹಾಸು, ಒಂದು ಕಿ.ಮೀ.ಗೂ ಹೆಚ್ಚು ಉದ್ದ, ಎರಡೂ ಬದಿ ಕಟ್ಟಡಗಳು. ಬಲಗಡೆ ನೆಪ್ಚೂನ್ ಸ್ನಾನಗೃಹ. ಅದರ ಪಕ್ಕದ ಎತ್ತರದ ಜಗಲಿ ಏರಿದರೆ ಕೆಳಗಿನ ನೆಲವಿಡೀ ಕಪ್ಪು–ಬಿಳಿ ಮೊಸಾಯಿಕ್: ಕಡಲಕುದುರೆಗಳನ್ನು ಹೂಡಿ ನುಗ್ಗುತ್ತಿರುವ ನೆಪ್ಚೂನ್, ಸುತ್ತ ಡಾಲ್ಫಿನ್‌ಗಳೂ ಮತ್ಸ್ಯದೇಹಿಗಳೂ. ಬಣ್ಣಗಳಿಲ್ಲದೆ, ಬರೀ ರೇಖೆಯ ಓಟದಲ್ಲೇ ವೇಗ ತೋರಿಸುವ ಈ ಶೈಲಿ ಓಸ್ತಿಯಾದ ಹೆಗ್ಗಳಿಕೆ. ಹಿಂದಿನ ಬೀದಿಯಲ್ಲಿ ಅಗ್ನಿಶಾಮಕರ ಠಾಣೆ. ಧಾನ್ಯದ ಉಗ್ರಾಣಕ್ಕೆ ಬೆಂಕಿ ಬಿದ್ದರೆ ರಾಜಧಾನಿ ಉಪವಾಸ ಬೀಳುತ್ತದೆಂಬ ಲೆಕ್ಕದಿಂದ ಕ್ಲಾಡಿಯಸನೇ ಇಲ್ಲಿ ಬೆಂಕಿ ಕಾವಲಿನ ಪಡೆಯನ್ನು ನಿಲ್ಲಿಸಿದ್ದ; ಈಗ ಕಾಣುವ ಠಾಣೆ ನಂತರದ್ದು.

ಮುಂದೆ ರಂಗಮಂದಿರ. ಆಗಸ್ಟಸ್‌ನ ಅಳಿಯ ಅಗ್ರಿಪ್ಪ ಕಟ್ಟಿಸಿದ್ದು, ಎರಡನೇ ಶತಮಾನದ ಕೊನೆಗೆ ಇನ್ನಷ್ಟು ದೊಡ್ಡದಾದದ್ದು, ಇಪ್ಪತ್ತನೇ ಶತಮಾನದಲ್ಲಿ ಧಾರಾಳವಾಗಿಯೇ ಜೀರ್ಣೋದ್ಧಾರಗೊಂಡದ್ದು. ಬೇಸಿಗೆಯಲ್ಲಿ ಇಂದಿಗೂ ಪ್ರದರ್ಶನಗಳು ನಡೆಯುತ್ತವೆ. ಮೇಲಿನ ಮೆಟ್ಟಿಲಿನಿಂದ ಹಿಂಬದಿಗೆ ಕಾಣುವ ಅಂಗಳ ಮಾತ್ರ ಇಡೀ ತಾಣದ ಅತ್ಯಂತ ಕುತೂಹಲದ ಜಾಗ. ಇಂದಿನ ಹೆಸರು ಸಂಘಗಳ ಚೌಕ. ನಡುವೆ ಒಂದು ದೇವಾಲಯ, ಮೂರು ಬದಿಗೆ ಸುಮಾರು ಅರವತ್ತು ಸಣ್ಣ ಕೋಣೆಗಳು, ಹಲವು ಕೋಣೆಗಳ ಮುಂದಿನ ನೆಲದ ಮೇಲೆ ಮೊಸಾಯಿಕ್‌ನಲ್ಲಿ ಬರೆದ ಫಲಕ. ಕಾರ್ಥೇಜಿನ ಹಡಗು ಮಾಲೀಕರು, ಸಾರ್ಡೀನಿಯಾ ದ್ವೀಪದ ಕರಾಲಿಸ್‌ನವರು, ಫ್ರಾನ್ಸಿನ ನಾರ್ಬೊನ್‌ನವರು, ಅಲೆಕ್ಸಾಂಡ್ರಿಯಾದವರು, ಹಗ್ಗ–ನಾರಿನ ವ್ಯಾಪಾರಿಗಳು, ಚರ್ಮದವರು. ಲಿಬಿಯಾದ ಸಬ್ರಾತಾ ಪಟ್ಟಣದವರ ಗುರುತು ಒಂದು ಆನೆ. ದಂತದ ವ್ಯಾಪಾರಕ್ಕೋ ಅಖಾಡದ ಕಾಳಗಕ್ಕೆ ಬೇಕಾದ ಪ್ರಾಣಿಗಳಿಗೋ, ಎರಡಕ್ಕೂ ಅದು ಸಲ್ಲುತ್ತದೆ. ಓದು ಬಾರದವರಿಗೂ ಅರ್ಥವಾಗುವ ಚಿತ್ರಗಳಿವು: ಪಟ ಬಿಚ್ಚಿದ ಹಡಗು, ದೀಪಸ್ತಂಭ, ಧಾನ್ಯ ಅಳೆಯುವ ಕೊಳಗ. ಇವು ನಿಜವಾದ ಕಚೇರಿಗಳೋ, ಅಥವಾ ಸಂಘಗಳು ತಮ್ಮ ಹೆಸರು ಮೆರೆಸಲು ಹಾಕಿಸಿದ ಕಾಣಿಕೆಗಳೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಎರಡರಲ್ಲಿ ಯಾವುದಾದರೂ, ಮೆಡಿಟರೇನಿಯನ್ ವ್ಯಾಪಾರದ ಇಷ್ಟು ಚೊಕ್ಕವಾದ ನಕ್ಷೆ ಬೇರೆಲ್ಲೂ ನೆಲದ ಮೇಲೆ ಉಳಿದಿಲ್ಲ.

ಅಲೆಕ್ಸಾಂಡ್ರಿಯಾದ ಹೆಸರಿನ ಹಿಂದೆ ಭಾರತವೂ ಇದೆ. ಪಶ್ಚಿಮ ಕರಾವಳಿಯ ಮೆಣಸು ಕೆಂಪು ಸಮುದ್ರ ದಾಟಿ, ನೈಲ್ ಇಳಿದು, ಅಲೆಕ್ಸಾಂಡ್ರಿಯಾದಲ್ಲಿ ಮತ್ತೆ ಹಡಗೇರಿ ಇಟಲಿಗೆ ಬರುತ್ತಿತ್ತು. ಕ್ರಿ.ಶ. ಒಂದನೇ ಶತಮಾನದ ಕೊನೆಗೆ ರೋಮ್‌ನಲ್ಲಿ ಮೆಣಸಿಗೆಂದೇ ಉಗ್ರಾಣ ಕಟ್ಟಿದ್ದರು. ಮೆಣಸಿಗೆ ತೆತ್ತ ಬೆಳ್ಳಿ–ಬಂಗಾರದ ನಾಣ್ಯಗಳು ದಕ್ಷಿಣ ಭಾರತದುದ್ದಕ್ಕೂ ಸಿಕ್ಕಿವೆ. ಚಿತ್ರದುರ್ಗದ ಚಂದ್ರವಳ್ಳಿಯ ಅಗೆತದಲ್ಲಿ ಆಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿಯ ದಿನಾರಿಗಳು ದೊರೆತಿವೆ; ಬೆಂಗಳೂರಿನ ಯಶವಂತಪುರದಲ್ಲೂ ಇಂಥ ನಾಣ್ಯಗಳ ನಿಧಿ ಸಿಕ್ಕಿತ್ತು.

ಹಡಗಿನಿಂದ ಇಳಿದ ಗೋಧಿ ರೋಮ್‌ವರೆಗೆ ಹೋಗುತ್ತಿದ್ದುದು ನದಿಯ ದೋಣಿಗಳಲ್ಲಿ. ದಡದ ಮೇಲಿನಿಂದ ಹಗ್ಗ ಕಟ್ಟಿ ಪ್ರವಾಹದ ವಿರುದ್ಧ ಎಳೆಯಬೇಕಿತ್ತು. ಓಸ್ತಿಯಾದ ಸಮಾಧಿಯೊಂದರಲ್ಲಿ ಸಿಕ್ಕಿ ಈಗ ವ್ಯಾಟಿಕನ್ ಸಂಗ್ರಹದಲ್ಲಿರುವ ವರ್ಣಚಿತ್ರದಲ್ಲಿ ಇಂಥದೊಂದು ದೋಣಿ ಇದೆ. ಅದರ ಹೆಸರು ‘ಇಸಿಸ್ ಜಿಮಿನಿಯಾನಾ’. ಚುಕ್ಕಾಣಿಯ ಬಳಿ ಯಜಮಾನ ಫಾರ್ನಾಸಿಸ್, ಹಲಗೆಯ ಮೇಲೆ ಚೀಲ ಹೊತ್ತು ಏರುತ್ತಿರುವ ಹಮಾಲರು, ನಡುವೆ ಕೊಳಗಕ್ಕೆ ಧಾನ್ಯ ಸುರಿಯುವ ಆಳು, ಪಕ್ಕದಲ್ಲಿ ಅಳತೆ ನೋಡುವವನು. ಸಮಾಧಿಯ ಮೇಲೆ ದೇವತೆಗಳ ಬದಲು ದಿನದ ದುಡಿಮೆಯನ್ನು ಬರೆಸಿಕೊಳ್ಳುವುದು ಈ ಊರಿನವರ ಸ್ವಭಾವ. ಪಕ್ಕದ ಈಸೋಲಾ ಸಾಕ್ರಾ ಸ್ಮಶಾನದಲ್ಲಿ ಸೂಲಗಿತ್ತಿ ಸ್ಕ್ರಿಬೋನಿಯಾ ಅಟೀಸಳ ಸಮಾಧಿಗೆ ಹಚ್ಚಿದ್ದ ಸುಟ್ಟಮಣ್ಣಿನ ಫಲಕದಲ್ಲಿ, ಹೆರಿಗೆ ಕುರ್ಚಿಯಲ್ಲಿ ಕೂತ ಬಸುರಿ, ಅವಳನ್ನು ಹಿಂದಿನಿಂದ ಹಿಡಿದ ಹೆಂಗಸು, ಮುಂದೆ ತಗ್ಗಿನ ಪೀಠದ ಮೇಲೆ ಸೂಲಗಿತ್ತಿ. ಇನ್ನೊಂದು ಅಮೃತಶಿಲೆಯ ಫಲಕ ಒಬ್ಬ ಅಂಗಡಿಯವಳದು: ತೂಗುಬಿಟ್ಟ ಕೋಳಿಗಳು, ಬಸವನಹುಳುಗಳ ಬುಟ್ಟಿ, ಗಿರಾಕಿಗಳನ್ನು ಸೆಳೆಯಲು ಕಟ್ಟೆಯ ಮೇಲೆ ಎರಡು ಕೋತಿಗಳು.

ಸಂಘಗಳ ಚೌಕದಿಂದ ಹೊರಬಂದು ಡಯಾನಾ ಬೀದಿಗೆ ತಿರುಗಿದರೆ ಮನೆಗಳ ಲೋಕ. ಇಲ್ಲಿನ ಡಯಾನಾ ಮನೆಯನ್ನು ಹಳೆಯ ಬೆಂಗಳೂರು–ಮೈಸೂರುಗಳ ವಠಾರ ಕಂಡವರಿಗೆ ವಿವರಿಸಬೇಕಿಲ್ಲ. ಬೀದಿಗೆ ಮುಖಮಾಡಿದ ಮಳಿಗೆಗಳು, ಒಳಗೆ ಗಾಳಿ–ಬೆಳಕಿಗೊಂದು ಅಂಗಳ, ಅಂಗಳದಲ್ಲಿ ಎಲ್ಲರಿಗೂ ಸೇರಿದ ನೀರಿನ ತೊಟ್ಟಿ, ಕೆಳಗೊಂದು ಶೌಚಾಲಯ, ಬೀದಿಯಿಂದಲೇ ನೇರ ಮೇಲೇರುವ ಮೆಟ್ಟಿಲು. ಮೂರು–ನಾಲ್ಕು ಅಂತಸ್ತುಗಳಿದ್ದವೆಂಬ ಊಹೆ. ರೋಮ್‌ನಲ್ಲಿ ಇಂಥ ಕಟ್ಟಡಗಳು ಕುಸಿದು ಬೀಳುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ ಟ್ರಾಜನ್ ಎತ್ತರದ ಮಿತಿಯನ್ನು 60 ರೋಮನ್ ಅಡಿಗೆ, ಅಂದರೆ ಸುಮಾರು 18 ಮೀಟರಿಗೆ ಇಳಿಸಬೇಕಾಯಿತು. ಮೇಲೇರಿದಷ್ಟೂ ಬಾಡಿಗೆ ಅಗ್ಗ, ನೀರು ಹೊರುವ ಕಷ್ಟ ಹೆಚ್ಚು. ಇಷ್ಟು ಇಕ್ಕಟ್ಟಾದ ಮನೆಯಲ್ಲಿ ಅಡುಗೆಗೆ ಸರಿಯಾದ ಜಾಗವಿಲ್ಲದವರು ಹೊರಗೆ ಉಣ್ಣುತ್ತಿದ್ದರು. ಅದಕ್ಕೆ ಎದುರಿಗೇ ಒಂದು ಖಾನಾವಳಿ ಇದೆ. ಅಮೃತಶಿಲೆಯ ತುಂಡುಗಳನ್ನು ಜೋಡಿಸಿದ ಕಟ್ಟೆ, ಪಾತ್ರೆ ತೊಳೆಯಲು ತೊಟ್ಟಿ, ಲೋಟ ಇಡಲು ಮೆಟ್ಟಿಲು ಗೂಡು, ಗೋಡೆಯ ಮೇಲೆ ತಿಂಡಿ–ಪಾನೀಯಗಳ ಚಿತ್ರ, ಹಿಂದೆ ಕಾರಂಜಿಯಿರುವ ಅಂಗಳದಲ್ಲಿ ಕೂರಲು ಕಲ್ಲುಜಗಲಿ. ಸ್ವಲ್ಪ ಮುಂದೆ ಹಿಟ್ಟಿನ ಗಿರಣಿ ಇದೆ. ಸೊಂಟದೆತ್ತರದ ಲಾವಾ ಬೀಸುಕಲ್ಲುಗಳು ಸಾಲಾಗಿ ನಿಂತಿವೆ. ಕತ್ತೆ, ಹೇಸರಗತ್ತೆಗಳು ಸುತ್ತು ಹಾಕಿ ಅವನ್ನು ತಿರುಗಿಸುತ್ತಿದ್ದವು.

ಊರ ನಡುವಿನ ಫೋರಂ ಎಂಬ ಸಾರ್ವಜನಿಕ ಚೌಕದಲ್ಲಿ ಹೇಡ್ರಿಯನ್ ಕಾಲದ ಕ್ಯಾಪಿಟೋಲಿಯಂ ದೇವಾಲಯದ ಇಟ್ಟಿಗೆ ಗೋಡೆಗಳು ಇನ್ನೂ ಎತ್ತರವಾಗಿ ನಿಂತಿವೆ. ಅದರ ಅಮೃತಶಿಲೆಯ ಹೊದಿಕೆ ಎಂದೋ ಲೂಟಿಯಾಯಿತು. ಪಕ್ಕದ ಸ್ನಾನಗೃಹದ ಬಿಸಿ ಕೋಣೆಗಳ ದೊಡ್ಡ ಕಿಟಕಿಗಳು ಮಧ್ಯಾಹ್ನದ ಬಿಸಿಲು ಹಿಡಿಯುವಂತೆ ನೈಋತ್ಯಕ್ಕೆ ಮುಖಮಾಡಿವೆ. ರೋಮನ್ನರು ಮಧ್ಯಾಹ್ನದ ಮೇಲೆ ಸ್ನಾನಕ್ಕೆ ಹೋಗುತ್ತಿದ್ದರು. ಪ್ರವಾಸಿಗರು ಹೆಚ್ಚು ಫೋಟೋ ತೆಗೆಯುವುದು ಅಲ್ಲೇ ಹತ್ತಿರದ ಸಾರ್ವಜನಿಕ ಶೌಚಾಲಯದ್ದು. ಗೋಡೆಯುದ್ದಕ್ಕೂ ಅಮೃತಶಿಲೆಯ ಇಪ್ಪತ್ತು ಪೀಠಗಳು, ನಡುವೆ ಮರೆಯೇ ಇಲ್ಲ, ಅಡಿಯಲ್ಲಿ ಹರಿಯುವ ನೀರು, ಬಾಗಿಲಿನ ಹೊಸ್ತಿಲಲ್ಲಿ ತಿರುಗುಬಾಗಿಲಿನ ಕುಳಿ. ಈ ವಿಷಯದಲ್ಲಿ ಊರಿನವರ ಹಾಸ್ಯಪ್ರಜ್ಞೆಯೂ ದಾಖಲಾಗಿದೆ. ‘ಏಳು ಜ್ಞಾನಿಗಳ ಸ್ನಾನಗೃಹ’ದ ಒಂದು ಕೋಣೆಯ ಗೋಡೆಯಲ್ಲಿ ಗ್ರೀಸಿನ ಮಹಾಜ್ಞಾನಿಗಳು ಗಂಭೀರವಾಗಿ ಕೂತಿದ್ದಾರೆ. ಹೆಸರುಗಳು ಗ್ರೀಕಿನಲ್ಲಿ, ಉಪದೇಶ ಲ್ಯಾಟಿನ್ನಿನಲ್ಲಿ, ಉಪದೇಶದ ವಿಷಯ ಮಲಬದ್ಧತೆ. ಅವರ ಕೆಳಗೆ ಸಾಮಾನ್ಯರು ಸಾಲಾಗಿ ಶೌಚಕ್ಕೆ ಕೂತಿದ್ದಾರೆ.

ದೇವರುಗಳೂ ಹಡಗುಗಳಲ್ಲೇ ಬಂದಿಳಿದರು. ಈಜಿಪ್ಟಿನ ಸೆರಾಪಿಸ್‌ಗೆ 127ರಲ್ಲಿ ಗುಡಿಯಾಯಿತು. ಪರ್ಷಿಯಾದ ಹೆಸರು ಹೊತ್ತ ಮಿತ್ರನ ಆರಾಧನೆಯ ಗುಪ್ತಮಂದಿರಗಳು ಹದಿನೈದಕ್ಕೂ ಹೆಚ್ಚು ಸಿಕ್ಕಿವೆ. ಎಲ್ಲವೂ ಇಕ್ಕಟ್ಟಾದವು, ಮಬ್ಬುಗತ್ತಲಿನವು. ಫೆಲಿಚಿಸ್ಸಿಮಸ್ ಎಂಬಾತ ಹಾಕಿಸಿದ ನೆಲದ ಮೊಸಾಯಿಕ್‌ನಲ್ಲಿ ಭಕ್ತರು ಏರಬೇಕಾದ ಏಳು ದರ್ಜೆಗಳನ್ನು ಏಣಿಯಂತೆ ಬರೆದಿದೆ. ಮೊದಲನೆಯದು ಕಾಗೆ, ಕೊನೆಯದು ತಂದೆ. 1961ರಲ್ಲಿ ವಿಮಾನ ನಿಲ್ದಾಣದ ರಸ್ತೆ ಮಾಡುವಾಗ ಹಳೆಯ ಕಡಲತೀರದ ಬಳಿ ಯಹೂದಿ ಪ್ರಾರ್ಥನಾ ಮಂದಿರವೊಂದು ಹೊರಬಿತ್ತು. ಏಳು ಕವಲಿನ ದೀಪದ ಕೆತ್ತನೆಯಿರುವ ಅದು ಯುರೋಪಿನ ಅತಿ ಹಳೆಯ ಯಹೂದಿ ಮಂದಿರಗಳಲ್ಲೊಂದು. ಕ್ರೈಸ್ತ ಚರಿತ್ರೆಯಲ್ಲಿ ಓಸ್ತಿಯಾಕ್ಕೆ ಸ್ಥಾನ ಸಿಕ್ಕಿದ್ದು ಒಂದು ಸಾವಿನಿಂದ. ಸಂತ ಅಗಸ್ಟೀನನ ತಾಯಿ ಮೋನಿಕಾ ಆಫ್ರಿಕಾಕ್ಕೆ ಹಡಗು ಕಾಯುತ್ತಿದ್ದಾಗ 387ರಲ್ಲಿ ಇಲ್ಲೇ ತೀರಿಕೊಂಡಳು. ಅವಳ ಸಮಾಧಿಲೇಖದ ತುಣುಕು 1945ರಲ್ಲಿ ಪಕ್ಕದ ಸಂತ ಔರೆಯಾ ಚರ್ಚಿನ ಅಂಗಳದಲ್ಲಿ, ಆಟದ ಕಂಬ ನೆಡಲು ಗುಂಡಿ ತೋಡುತ್ತಿದ್ದ ಹುಡುಗರ ಕೈಗೆ ಸಿಕ್ಕಿತು.

ಊರು ಬರಿದಾದದ್ದು ನಿಧಾನವಾಗಿ. ನಾಲ್ಕನೇ ಶತಮಾನದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಪೋರ್ಟಸ್‌ಗೆ ಪ್ರತ್ಯೇಕ ನಗರದ ದರ್ಜೆ ಕೊಟ್ಟ ಮೇಲೆ ವ್ಯವಹಾರ ಅತ್ತ ಸರಿಯಿತು. ಸಿರಿವಂತರು ಕೆಲಕಾಲ ಉಳಿದರು. ಕ್ಯೂಪಿಡ್ ಮತ್ತು ಸೈಕಿ ಮನೆಯ ಬಣ್ಣಬಣ್ಣದ ಅಮೃತಶಿಲೆಯ ನೆಲ ಆ ಕಾಲದ್ದು. ಆಮೇಲೆ ಹೂಳು, ಜೌಗು, ಮಲೇರಿಯಾ, ಕಡಲ ದಾಳಿ. ಒಂಬತ್ತನೇ ಶತಮಾನದಲ್ಲಿ ಪೋಪ್ ನಾಲ್ಕನೇ ಗ್ರೆಗರಿ ಪಕ್ಕದಲ್ಲೇ ಕೋಟೆಯೂರು ಕಟ್ಟಿಸಿ ಉಳಿದವರನ್ನು ಅಲ್ಲಿಗೆ ಸೇರಿಸಿದ. ಪಾಳು ಊರಿನ ಅಮೃತಶಿಲೆಯಲ್ಲಿ ಒಂದಷ್ಟು ಹೊಸ ಕಟ್ಟಡಗಳಿಗೆ ಹೋಯಿತು, ಒಂದಷ್ಟು ಸುಣ್ಣದ ಗೂಡಿನಲ್ಲಿ ಬೆಂದಿತು.

ಜೌಗು ಬತ್ತಿಸುವ ಕೆಲಸ ನಡೆದದ್ದು 1884ರ ನಂತರ, ರಾವೆನ್ನಾದಿಂದ ಬಂದ ಕೂಲಿಕಾರರಿಂದ. ಅವರಲ್ಲಿ ಅನೇಕರು ಮಲೇರಿಯಾಕ್ಕೆ ಬಲಿಯಾದರು. ಪೋಪ್‌ಗಳ ಕಾಲದ ಅಗೆತ ಬಹುಪಾಲು ಶಿಲ್ಪಗಳ ಬೇಟೆ. ಕ್ರಮಬದ್ಧ ಉತ್ಖನನ ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಪುರಾತತ್ವಜ್ಞ ದಾಂತೆ ವಾಲ್ಯೆರಿಯಿಂದ ಶುರುವಾಗಿ ಗುಯಿದೋ ಕಾಲ್ಸಾ ಕೈಯಲ್ಲಿ ಬೆಳೆಯಿತು. 1942ರಲ್ಲಿ ರೋಮ್‌ನಲ್ಲಿ ವಿಶ್ವ ವಸ್ತುಪ್ರದರ್ಶನ ನಡೆಸಬೇಕೆಂದಿದ್ದ ಮುಸೊಲಿನಿ ಸರ್ಕಾರದ ಅವಸರಕ್ಕೆ, 1938ರಿಂದ ನಾಲ್ಕೈದು ವರ್ಷಗಳಲ್ಲೇ ಬೃಹತ್ ಪ್ರದೇಶವನ್ನು ಅಗೆದು ತೆಗೆದರು. ಪ್ರದರ್ಶನ ಯುದ್ಧದಿಂದಾಗಿ ನಡೆಯಲೇ ಇಲ್ಲ. ಅವಸರದ ಬೆಲೆಯನ್ನು ಮಾತ್ರ ಇತಿಹಾಸ ತೆತ್ತಿತು: ಎರಡನೇ ಶತಮಾನದ ವೈಭವ ಕಾಣಲೆಂದು ಮೇಲಿನ ಪದರಗಳನ್ನು ಸರಿಯಾದ ದಾಖಲೆ ಇಲ್ಲದೆ ಎತ್ತಿ ಬಿಸಾಡಿದರು. ಇಂದು ಓಸ್ತಿಯಾ ಎಂದರೆ ಹೇಡ್ರಿಯನ್ ಕಾಲದ ಊರು ಎನಿಸುವುದರಲ್ಲಿ ಆ ಸನಿಕೆಗಳ ಪಾಲೂ ಇದೆ. ಈಚಿನ ಸಂಶೋಧಕರು ಸನಿಕೆಗಿಂತ ಯಂತ್ರವನ್ನು ನಂಬುತ್ತಾರೆ. ಬ್ರಿಟಿಷ್ ಮತ್ತು ಇಟಾಲಿಯನ್ ತಂಡವೊಂದು ನೆಲ ಅಗೆಯದೆ, ಕಾಂತೀಯ ಮಾಪನದಿಂದ ನದಿಯ ಆಚೆ ದಡವನ್ನು ಪರೀಕ್ಷಿಸಿ, ಅಲ್ಲೂ ಕೋಟೆಗೋಡೆ, ದೊಡ್ಡ ಉಗ್ರಾಣಗಳು ಇದ್ದುದನ್ನು 2014ರಲ್ಲಿ ಪ್ರಕಟಿಸಿತು. ನದಿ ಊರಿನ ಗಡಿಯಲ್ಲ, ಊರ ನಡುವೆಯೇ ಹರಿಯುತ್ತಿತ್ತು ಎಂದಾಯಿತು.

ಇಲ್ಲಿಗೆ ಹೋಗುವುದು ಸುಲಭ. ರೋಮ್‌ನ ಪಿರಮಿಡೆ ಮೆಟ್ರೋ ನಿಲ್ದಾಣಕ್ಕೆ ಅಂಟಿದ ಪೋರ್ತಾ ಸಾನ್ ಪಾವೊಲೋದಿಂದ ಕಡಲತೀರದ ಕಡೆಗೆ ಹೋಗುವ ಲೋಕಲ್ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಇಳಿಯಬೇಕಾದದ್ದು ಓಸ್ತಿಯಾ ಆಂತಿಕಾದಲ್ಲಿ, ಮುಂದೆ ಬರುವ ಲೀದೋ ನಿಲ್ದಾಣಗಳಲ್ಲಲ್ಲ. ರಸ್ತೆ ಮೇಲಿನ ಪಾದಚಾರಿ ಸೇತುವೆ ದಾಟಿದರೆ ಕೆಲವೇ ನಿಮಿಷದ ನಡಿಗೆ. ಸೋಮವಾರ ರಜೆ. ಲಾವಾ ಕಲ್ಲಿನ ಹಾಸು ಏರುಪೇರಾಗಿರುವುದರಿಂದ ಗಟ್ಟಿ ಅಟ್ಟೆಯ ಶೂ ಬೇಕು. ಬೇಸಿಗೆಯಲ್ಲಿ ಟೋಪಿ, ನೀರು ಮತ್ತು ಸೊಳ್ಳೆಗೆ ಮುಲಾಮು. ಇಡೀ ತಾಣಕ್ಕೆ ಒಂದು ಪೂರ್ತಿ ದಿನವೂ ಸಾಲದು. ಅರ್ಧ ದಿನ ಮಾತ್ರ ಇದ್ದವರು ಸಮಾಧಿಗಳನ್ನು ಬೇಗ ದಾಟಿ, ನೆಪ್ಚೂನ್ ಮೊಸಾಯಿಕ್, ಸಂಘಗಳ ಚೌಕ, ಡಯಾನಾ ಬೀದಿ, ಫೋರಂ ಇಷ್ಟನ್ನು ನಿಧಾನವಾಗಿ ನೋಡುವುದು ಮೇಲು. ಪೋರ್ಟಸ್ ಮತ್ತು ಈಸೋಲಾ ಸಾಕ್ರಾ ಸ್ಮಶಾನ ಬೇರೆಯೇ ತಾಣಗಳು. ತೆರೆದಿರುವ ದಿನ–ವೇಳೆಯೂ ಬೇರೆ. ಅವುಗಳಿಗೆ ಇನ್ನೊಂದು ದಿನ ಇಟ್ಟುಕೊಳ್ಳಬೇಕು.